ವಾಲಿಬಾಲ್ ಕೋರ್ಟ್‌ನಲ್ಲಿ ಆರು ಜನ ಒಂದು ತಂಡವಾಗುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಎದುರಾಳಿ ಸರ್ವ್ ಹೊಡೆದರು. ಜೋರಿನ ಸರ್ವ್ ಏನಲ್ಲ, ಯಾರು ಬೇಕಾದರೂ ಎತ್ತಬಹುದಾದ ಚೆಂಡು. ಹಿಂದಿನ ಸಾಲಿನ ಇಬ್ಬರೂ ಅದರ ಕಡೆ ಅರ್ಧ ಹೆಜ್ಜೆ ಹಾಕಿದರು. ಇಬ್ಬರೂ ಅಲ್ಲೇ ನಿಂತರು. ಚೆಂಡು ನಡುವೆ ಬಿತ್ತು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇದು ಗೊತ್ತಿಲ್ಲದ ತಂಡ ಇಲ್ಲ. ಚೆಂಡು ಬಿದ್ದ ಕೂಡಲೇ ಹೊರಗೆ ನಿಂತವರು "ಒಗ್ಗಟ್ಟಾಗಿ ಆಡ್ರೋ" ಅಂತ ಕೂಗುತ್ತಾರೆ. ಸಂಜೆ ಎಲ್ಲರೂ ಕೂತು ಮಾತಾಡುತ್ತಾರೆ, ಒಟ್ಟಿಗೆ ಊಟ ಮಾಡುತ್ತಾರೆ. ಮುಂದಿನ ಪಂದ್ಯದಲ್ಲಿ ಚೆಂಡು ಮತ್ತೆ ಅದೇ ಜಾಗದಲ್ಲಿ ಬೀಳುತ್ತದೆ. ಆ ಇಬ್ಬರ ನಡುವೆ ಮನಸ್ತಾಪ ಏನೂ ಇರಲಿಲ್ಲ. ಆ ಚೆಂಡು ಯಾರದ್ದು ಅಂತ ಮೊದಲೇ ಮಾತಾಗಿರಲಿಲ್ಲ, ಅಷ್ಟೇ.

ಒಗ್ಗಟ್ಟು ಅನ್ನುವುದನ್ನು ಮನಸ್ಸಿನ ವಿಷಯ ಅಂತ ಹಿಡಿದುಕೊಂಡವರು ಪದೇ ಪದೇ ಸೋಲುವುದು ಇಲ್ಲೇ. ಕೋರ್ಟ್‌ನಲ್ಲಿ ಅದು ಮೊದಲು ಜಾಗದ ವಿಷಯ, ಆಮೇಲೆ ದನಿಯ ವಿಷಯ, ಕೊನೆಗೆ ಮನಸ್ಸಿನದ್ದು. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ದಯವಿಟ್ಟು ಹಂತ ಹಾರಿಸಬೇಡಿ. ಒಂದು ಕೈಗೆ ಹತ್ತುವ ಮೊದಲು ಇನ್ನೊಂದಕ್ಕೆ ಹೋದರೆ ಎರಡೂ ಕೆಡುತ್ತವೆ.

ಮೊದಲು ಇವಿಷ್ಟು ಹೊಂದಿಸಿಕೊಳ್ಳಿ

ಸೀಮೆಸುಣ್ಣ ಅಥವಾ ಅಂಟುವ ಟೇಪ್. ಮಣ್ಣಿನ ಕೋರ್ಟ್ ಆದರೆ ಸುಣ್ಣದ ಪುಡಿ. ನಾಲ್ಕೈದು ಚೆಂಡು, ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಎಲ್ಲಕ್ಕಿಂತ ಮುಖ್ಯವಾಗಿ, ಆಡದೆ ಹೊರಗೆ ಕೂತು ಬರೆದುಕೊಳ್ಳುವ ಒಬ್ಬರು. ಕೋಚ್ ಇಲ್ಲದ ತಂಡದಲ್ಲಿ ಬದಲಿ ಆಟಗಾರರೇ ಈ ಕೆಲಸ ಮಾಡಲಿ.

ಸಮಯವನ್ನೂ ಎತ್ತಿಡಿ. ವಾರಕ್ಕೆ ಮೂರು ದಿನ ಅಭ್ಯಾಸ ಇದ್ದರೆ ಒಂದು ತಿಂಗಳು ಬೇಕು. ಪಂದ್ಯಕ್ಕೆ ಎರಡು ದಿನ ಇರುವಾಗ ಇದನ್ನು ಶುರು ಮಾಡಬೇಡಿ. ಹಳೆಯದು ಮರೆತು, ಹೊಸದು ಬರದೆ, ಇನ್ನೂ ಗೊಂದಲವಾಗುತ್ತದೆ.

ಹಂತ 1: ಎಲ್ಲಿ ಬಿಡುತ್ತಿದೆ ಅಂತ ಎಣಿಸಿ

ಒಂದು ಅಭ್ಯಾಸ ಪಂದ್ಯ ಎಂದಿನಂತೆ ಆಡಿ. ಹೊರಗೆ ಕೂತವರು ಕೋರ್ಟ್‌ನ ಚಿತ್ರ ಬರೆದುಕೊಂಡು ಮೂರು ಬಗೆಯ ಚೆಂಡನ್ನು ಮಾತ್ರ ಗುರುತು ಹಾಕಲಿ. ಯಾರೂ ಮುಟ್ಟದೆ ಬಿದ್ದದ್ದಕ್ಕೆ ಸೊನ್ನೆ. ಇಬ್ಬರು ಡಿಕ್ಕಿ ಹೊಡೆದದ್ದಕ್ಕೆ ಇಂಟು. ಒಬ್ಬರು ಎತ್ತಿಕೊಟ್ಟರೂ ಮುಂದಿನವರು ತಯಾರಿಲ್ಲದೆ ಹೋದದ್ದಕ್ಕೆ ಅಡ್ಡ ಗೆರೆ.

ಹೆಸರು ಬರೆಯಬೇಡಿ, ಜಾಗದ ನಂಬರ್ ಬರೆಯಿರಿ. ಹಿಂದೆ ಬಲಕ್ಕೆ 1, ಮುಂದೆ ಬಲಕ್ಕೆ 2, ಮುಂದೆ ನಡುವೆ 3, ಮುಂದೆ ಎಡಕ್ಕೆ 4, ಹಿಂದೆ ಎಡಕ್ಕೆ 5, ಹಿಂದೆ ನಡುವೆ 6. "5 ಮತ್ತು 6ರ ನಡುವೆ ನಾಲ್ಕು ಬಿತ್ತು" ಅಂದರೆ ಎಲ್ಲರೂ ಚಿತ್ರ ನೋಡುತ್ತಾರೆ. ಹೆಸರು ಹೇಳಿದರೆ ಚಿತ್ರ ಬಿಟ್ಟು ಆ ಮನುಷ್ಯನನ್ನು ನೋಡುತ್ತಾರೆ.

ಎರಡು ಮೂರು ಸೆಟ್ ಆದ ಮೇಲೆ ಗುರುತುಗಳು ಒಂದೆರಡು ಕಡೆ ಗುಂಪಾಗಿರುವುದು ಕಾಣುತ್ತದೆ. ಸೊನ್ನೆ ಜಾಸ್ತಿ ಇದ್ದರೆ ಹಂತ 2ಕ್ಕೆ ಹೆಚ್ಚು ದಿನ ಕೊಡಿ. ಇಂಟು ಜಾಸ್ತಿ ಇದ್ದರೆ ಹಂತ 3ಕ್ಕೆ, ಅಡ್ಡ ಗೆರೆ ಜಾಸ್ತಿ ಇದ್ದರೆ 4 ಮತ್ತು 5ಕ್ಕೆ.

ಹಂತ 2: ಸಂದುಗಳನ್ನು ಹಂಚಿಕೊಳ್ಳಿ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ದಿನ ಬೇಡುವ ಹಂತ ಇದು. ಅವಸರ ಬೇಡ.

ನಿಮ್ಮ ಕಡೆಯ ಕೋರ್ಟ್ 9 ಮೀಟರ್ ಅಗಲ, 9 ಮೀಟರ್ ಉದ್ದ. ಸರ್ವ್ ಎತ್ತಲು ಮೂವರು ನಿಂತರೆ ಒಬ್ಬೊಬ್ಬರಿಗೆ ಸುಮಾರು 3 ಮೀಟರ್ ಅಗಲ ಬರುತ್ತದೆ. ನೇರ ಮೈಮೇಲೆ ಬಂದ ಚೆಂಡಿಗೆ ಯಾವ ತಂಡಕ್ಕೂ ಮಾತುಕತೆ ಬೇಡ. ತೊಂದರೆ ಇರುವುದು ಇಬ್ಬರ ನಡುವಿನ ಸಂದಿನಲ್ಲಿ. ಮೂವರು ನಿಂತಾಗ ಇಂಥ ಸಂದು ಎರಡು. ಜೋರಿನ ಸರ್ವ್ ಅಲ್ಲಿಗೆ ಬರಲು ಒಂದು ಸೆಕೆಂಡಿನ ಆಸುಪಾಸು ಸಾಕು. ಅಷ್ಟರಲ್ಲಿ ಯೋಚನೆ ಮಾಡಿ ತೀರ್ಮಾನಿಸಲು ಆಗಲ್ಲ, ತೀರ್ಮಾನ ಮೊದಲೇ ಆಗಿರಬೇಕು.

ಹೀಗೆ ಮಾಡಿ. ಮೂವರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿ. ಇಬ್ಬರ ನಡುವೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಪಕ್ಕದ ಗೆರೆಗೆ ಸಮಾನಾಂತರವಾಗಿ ನೇರ ಎಳೆಯುವುದು ಎಲ್ಲರೂ ಮಾಡುವ ತಪ್ಪು. ಸರ್ವ್ ಹೊಡೆಯುವವರು ನಿಂತಿರುವ ದಿಕ್ಕಿಗೆ ಗೆರೆ ಓರೆಯಾಗಬೇಕು, ಚೆಂಡು ಬರುವುದು ಅಲ್ಲಿಂದ ತಾನೆ? ಅವರು ಬಲ ಮೂಲೆಯಿಂದ ಎಡ ಮೂಲೆಗೆ ಸರಿದರೆ ಗೆರೆಯೂ ತಿರುಗುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಎರಡೂ ಗೆರೆ ಎಳೆದು ತೋರಿಸಿ.

ಈಗ ಸಂದಿನ ಚೆಂಡು ಯಾರದ್ದು ಅಂತ ನಿರ್ಧರಿಸಿ. ಲಿಬೆರೊ (ಹಿಂದಿನ ಸಾಲಿನಲ್ಲಿ ಮಾತ್ರ ಆಡುವ, ಚೆಂಡು ಎತ್ತುವುದೇ ಮುಖ್ಯ ಕೆಲಸವಾದ ಆಟಗಾರರು) ಇದ್ದರೆ ಅವರ ಎರಡೂ ಪಕ್ಕದ ಸಂದು ಅವರದ್ದೇ. ಇಲ್ಲದಿದ್ದರೆ ಇಬ್ಬರಲ್ಲಿ ಯಾರ ಅಂಡರ್‌ಹ್ಯಾಂಡ್ (ಎರಡೂ ಮುಂಗೈ ಜೋಡಿಸಿ ಕೆಳಗಿನಿಂದ ಎತ್ತುವುದು) ಗಟ್ಟಿ ಇದೆಯೋ ಅವರದ್ದು. "ಯಾರು ಹತ್ತಿರ ಇರುತ್ತಾರೋ ಅವರು ತಗೊಳ್ಳಲಿ" ಅನ್ನುವ ಒಪ್ಪಂದ ಮಾತ್ರ ಬೇಡ. ಅದು ಒಪ್ಪಂದವೇ ಅಲ್ಲ. ಸಂದಿನ ಚೆಂಡು ಇಬ್ಬರಿಗೂ ಅಷ್ಟೇ ಹತ್ತಿರ ಇರುತ್ತದೆ.

ಇನ್ನೊಂದು ನಿಯಮ: ಸಂದಿಗೆ ಇಬ್ಬರೂ ಕದಲಬೇಕು, ಆದರೆ ಒಂದೇ ದಾರಿಯಲ್ಲಿ ಅಲ್ಲ. ಚೆಂಡು ಯಾರದ್ದೋ ಅವರು ಓರೆಯಾಗಿ ಮುಂದೆ ಹೋಗಲಿ. ಇನ್ನೊಬ್ಬರು ಅವರ ಬೆನ್ನ ಹಿಂದೆ ಓರೆಯಾಗಿ ಹಿಂದಕ್ಕೆ ಸರಿಯಲಿ. ಮುಂದಿನವರಿಗೆ ತಪ್ಪಿದ್ದು, ಅವರ ತಲೆ ಮೇಲಿಂದ ಹೋದದ್ದು ಹಿಂದಿನವರಿಗೆ ಸಿಗುತ್ತದೆ. ಇಬ್ಬರೂ ಡಿಕ್ಕಿಯಾಗುವುದೂ ಇಲ್ಲ. ಮೊದಲ ದಿನ ಚೆಂಡೇ ಇಲ್ಲದೆ ಇದನ್ನು ನಡೆದು ತೋರಿಸಿ. ಎರಡನೇ ದಿನ ಕೈಯಿಂದ ಎಸೆದ ಚೆಂಡು. ಮೂರನೇ ದಿನ ನಿಜವಾದ ಸರ್ವ್. ಒಂದೊಂದು ಸಂದಿಗೆ ಹತ್ತು ಚೆಂಡು, ಹತ್ತರಲ್ಲಿ ಎಂಟು ಒಪ್ಪಂದದ ಪ್ರಕಾರ ಹೋಗುವವರೆಗೆ ಮುಂದಿನ ಸಂದಿಗೆ ಹೋಗಬೇಡಿ. ಪಾಸ್ ಚೆನ್ನಾಗಿತ್ತಾ ಅಂತ ಈಗಲೇ ನೋಡಬೇಡಿ. ಸರಿಯಾದವರು ಹೋದರಾ ಅಂತ ಮಾತ್ರ ನೋಡಿ.

ರೊಟೇಷನ್ ಆದಾಗ (ಎಲ್ಲರೂ ಸರದಿಯಂತೆ ಒಂದೊಂದು ಜಾಗ ಸರಿದಾಗ) ಜನ ಬದಲಾಗುತ್ತಾರೆ, ಸಂದೂ ಬದಲಾಗುತ್ತದೆ. ಅಂದರೆ ಆರು ರೊಟೇಷನ್‌ಗೆ ಆರು ಚಿತ್ರ. ಹೆಚ್ಚು ಪಾಯಿಂಟ್ ಹೋಗುತ್ತಿರುವ ರೊಟೇಷನ್‌ನಿಂದ ಶುರು ಮಾಡಿ. ಚಿತ್ರ ಬರೆಯುವಾಗ ಒಂದು ಎಚ್ಚರ ಇರಲಿ: ಎದುರಾಳಿ ಸರ್ವ್ ಹೊಡೆಯುವ ಕ್ಷಣಕ್ಕೆ ನಿಮ್ಮ ಆರು ಜನ ಸರದಿ ಪ್ರಕಾರವೇ ನಿಂತಿರಬೇಕು. ಮುಂದಿನ ಸಾಲಿನವರು ತಮ್ಮ ನೇರ ಹಿಂದಿನವರಿಗಿಂತ ಹಿಂದೆ ಹೋಗಬಾರದು, ಪಕ್ಕದವರ ಎಡ ಬಲ ಅದಲುಬದಲಾಗಬಾರದು. ತಪ್ಪಿದರೆ ಪಾಯಿಂಟೂ ಸರ್ವೂ ಎರಡೂ ಎದುರಾಳಿಗೆ.

ಎಚ್ಚರಿಕೆಯ ಲಕ್ಷಣ: ಚೆನ್ನಾಗಿ ಎತ್ತುವ ಒಬ್ಬರ ಜಾಗ ದಿನದಿಂದ ದಿನಕ್ಕೆ ದೊಡ್ಡದಾಗುತ್ತಾ, ಪಕ್ಕದವರು ಗೆರೆಯ ಕಡೆ ಸರಿಯುತ್ತಾ ಹೋಗುವುದು. ಹೊರಗಿನಿಂದ ನೋಡಿದರೆ "ಎಷ್ಟು ಕಷ್ಟಪಟ್ಟು ಆಡ್ತಾರೆ" ಅನ್ನಿಸುತ್ತದೆ. ನಿಜಕ್ಕೂ ಪಕ್ಕದವರು ಆಟ ಬಿಡುತ್ತಿದ್ದಾರೆ.

ಹಂತ 3: ದನಿ ಕೂಡಿಸಿ

ಜಾಗ ಹಂಚಿದ ಮೇಲೆಯೇ ದನಿ. ಮೊದಲೇ ಕೂಗಲು ಹೇಳಿದರೆ ಏನು ಕೂಗಬೇಕು ಅಂತ ತಿಳಿಯದೆ ಎಲ್ಲರೂ "ಬಾಲ್ ಬಾಲ್" ಅಂತ ಕೂಗುತ್ತಾರೆ. ಅದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಮಾತು ಕಡಿಮೆ ಇರಲಿ. "ನಂದು", "ಬಿಡು", "ಔಟ್", "ಫ್ರೀ" ಇಷ್ಟು ಸಾಕು. ಎದುರಾಳಿ ಸ್ಮ್ಯಾಶ್ ಮಾಡಲಾಗದೆ ಸುಮ್ನೆ ದಾಟಿಸುವ ಚೆಂಡಿಗೆ "ಫ್ರೀ". ಅದು ಕೇಳಿಸಿದ ಕೂಡಲೇ ಎಲ್ಲರೂ ಬ್ಲಾಕ್ (ನೆಟ್ ಬಳಿ ಹಾರಿ ಕೈಯಿಂದ ಚೆಂಡು ತಡೆಯುವುದು) ಬಿಟ್ಟು ಹಿಂದೆ ಸರಿದು ಎತ್ತಲು ನಿಲ್ಲಬೇಕು. ಮಾತು ಯಾವುದಾದರೂ ಆಗಲಿ, ಆರು ಜನರೂ ಅದೇ ಮಾತು ಆಡಬೇಕು.

"ನಂದು" ಅನ್ನುವುದು ಚೆಂಡು ನೆಟ್ ದಾಟುವ ಮೊದಲು ಬರಬೇಕು. ಕೈಗೆ ಬಿದ್ದ ಮೇಲೆ "ನಂದು" ಅಂದರೆ ಏನು ಬಂತು? ಅಷ್ಟರಲ್ಲಿ ಪಕ್ಕದವರು ಬಂದು ಮೈಮೇಲೆ ಬಿದ್ದಿರುತ್ತಾರೆ.

"ಔಟ್" ಹೇಳುವ ಕೆಲಸ ಎತ್ತುವವರದ್ದಲ್ಲ, ಪಕ್ಕದವರದ್ದು. ಎತ್ತುವವರ ಕಣ್ಣು ಚೆಂಡಿನ ಮೇಲಿರುತ್ತದೆ, ಗೆರೆ ಅವರಿಗೆ ಕಾಣುವುದಿಲ್ಲ. ಪಕ್ಕದವರು "ಔಟ್" ಅಂದರೆ ನಂಬಿ ಕೈ ತೆಗೆಯಬೇಕು. ಚೆಂಡು ಒಳಗೇ ಬಿತ್ತು ಅನ್ನಿ. ಆಗ ಹೇಳಿದವರು "ನನ್ನ ತಪ್ಪು" ಅಂದು ಮುಗಿಸಬೇಕು. ಒಂದು ಸಲ ನಂಬದೆ ಮುಟ್ಟಿಬಿಟ್ಟರೆ, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ.

ಅಭ್ಯಾಸ ಹೀಗೆ: 15 ಪಾಯಿಂಟಿನ ಒಂದು ಆಟ. ಕೂಗದೆ ಚೆಂಡು ಮುಟ್ಟಿದರೆ ಪಾಯಿಂಟ್ ಎದುರಿನವರಿಗೆ, ಪಾಸ್ ಎಷ್ಟೇ ಸೊಗಸಾಗಿರಲಿ. ಮೊದಲ ದಿನ ಎಲ್ಲರಿಗೂ ಸಿಟ್ಟು ಬರುತ್ತದೆ. ಮೂರನೇ ದಿನಕ್ಕೆ ಕೋರ್ಟ್‌ನ ಸದ್ದೇ ಬದಲಾಗಿರುತ್ತದೆ.

ತಂಡದಲ್ಲಿ ವಯಸ್ಸಿನ ಅಂತರ ಇದ್ದರೆ ಒಂದು ಮಾತು ಬಿಡಿಸಿ ಹೇಳಲೇಬೇಕು. ಕಿರಿಯರು ಹಿರಿಯರ ಮೇಲೆ "ಬಿಡು" ಅಂತ ಕೂಗಲು ಹಿಂಜರಿಯುತ್ತಾರೆ. ಚೆಂಡು ಆಡುತ್ತಿರುವಷ್ಟು ಹೊತ್ತು "ಬಿಡು" ಅಂದರೆ ಅಗೌರವ ಅಲ್ಲ ಅಂತ ತಂಡದ ಹಿರಿಯರೇ ಹೇಳಲಿ. ಕೋಚ್ ಹೇಳಿದರೆ ಕಿರಿಯರಿಗೆ ಅಷ್ಟು ಧೈರ್ಯ ಬರುವುದಿಲ್ಲ.

ಹಂತ 4: ಎರಡನೇ ಚೆಂಡು ಯಾರದ್ದು?

ಎರಡನೇ ಚೆಂಡು, ಅಂದರೆ ತಂಡ ಎರಡನೇ ಸಲ ಮುಟ್ಟುವುದು, ಲಿಫ್ಟರ್‌ದು (ಸ್ಮ್ಯಾಶ್ ಮಾಡಲು ಚೆಂಡು ಮೇಲೆತ್ತಿ ಕೊಡುವವರು), ಇದು ಎಲ್ಲರಿಗೂ ಗೊತ್ತು. ಲಿಫ್ಟರೇ ಮೊದಲ ಚೆಂಡು ಎತ್ತಬೇಕಾಗಿ ಬಂದರೆ? ಬಹಳ ತಂಡಗಳು ಇದನ್ನು ಮಾತಾಡಿಕೊಂಡಿರುವುದೇ ಇಲ್ಲ. ಚೆಂಡು ಮೇಲೆ ಹೋಗುತ್ತದೆ, ಐದು ಜನ ನಿಂತು ನೋಡುತ್ತಾರೆ. ಲಿಬೆರೊ ಅಥವಾ ಬಲಗಡೆಯ ಸ್ಮ್ಯಾಶರ್, ಇಬ್ಬರಲ್ಲಿ ಒಬ್ಬರನ್ನು ಈಗಲೇ ಗೊತ್ತು ಮಾಡಿ.

ಲಿಬೆರೊ ಅಂತಾದರೆ ಒಂದು ನಿಯಮ ನೆನಪಿರಲಿ. ನೆಟ್‌ನಿಂದ 3 ಮೀಟರ್ ಗೆರೆಯ ಒಳಗೆ ನಿಂತು ಲಿಬೆರೊ ಬೆರಳಿನಿಂದ ಮೇಲೆತ್ತಿ ಕೊಟ್ಟರೆ, ಆ ಚೆಂಡನ್ನು ನೆಟ್‌ಗಿಂತ ಎತ್ತರದಲ್ಲಿ ಹೊಡೆದು ದಾಟಿಸುವಂತಿಲ್ಲ. ಗೆರೆಯ ಹಿಂದೆ ನಿಂತು ಕೊಡಲಿ, ಇಲ್ಲವೇ ಗೆರೆಯ ಒಳಗೆ ಅಂಡರ್‌ಹ್ಯಾಂಡ್‌ನಲ್ಲಿ ಕೊಡಲಿ.

ಲಿಫ್ಟರ್ ಮತ್ತು ಸ್ಮ್ಯಾಶರ್ ನಡುವಿನ ಹೊಂದಾಣಿಕೆಗೆ ಅಭ್ಯಾಸ ಮುಗಿದ ಮೇಲೆ ಹತ್ತು ನಿಮಿಷ ಕೊಡಿ. ದಿನಕ್ಕೆ ಒಬ್ಬ ಸ್ಮ್ಯಾಶರ್ ಮಾತ್ರ. ಪ್ರತಿ ಲಿಫ್ಟ್ ಆದ ಮೇಲೆ ಸ್ಮ್ಯಾಶರ್ ಒಂದೇ ಪದ ಹೇಳಲಿ: "ಎತ್ತರ", "ತಗ್ಗು", "ನೆಟ್‌ಗೆ ಹತ್ತಿರ", "ಸರಿ". "ಚೆನ್ನಾಗಿ ಕೊಡು" ಅಂದರೆ ಲಿಫ್ಟರ್ ಏನು ಮಾಡಬೇಕು ಹೇಳಿ? ಸ್ಮ್ಯಾಶ್ ಹೊರಗೆ ಹೋದಾಗ ಸ್ಮ್ಯಾಶರ್ ತಿರುಗಿ ಲಿಫ್ಟರ್ ಕಡೆ ನೋಡುವುದು ಅಭ್ಯಾಸವಾಗಿದ್ದರೆ ಅದನ್ನು ಇಲ್ಲೇ ಬಿಡಿಸಿ.

ಹಂತ 5: ಸ್ಮ್ಯಾಶ್ ಮಾಡುವವರ ಬೆನ್ನಿಗೆ ನಿಲ್ಲಿ

ಒಂದು ತಂಡ ಒಟ್ಟಾಗಿದೆಯಾ ಅಂತ ತಿಳಿಯಲು ನಾನು ಸ್ಮ್ಯಾಶ್ ನೋಡುವುದಿಲ್ಲ. ಸ್ಮ್ಯಾಶ್ ಹೊಡೆಯುವಾಗ ಉಳಿದ ಐದು ಜನ ಎಲ್ಲಿದ್ದಾರೆ ಅಂತ ನೋಡುತ್ತೇನೆ. ಹೆಚ್ಚಿನ ಕಡೆ ಅವರು ನಿಂತಲ್ಲೇ ನಿಂತು, ತಲೆ ಎತ್ತಿ, ನೋಡುತ್ತಿರುತ್ತಾರೆ. ಚೆಂಡು ಬ್ಲಾಕ್‌ಗೆ ಬಡಿದು ಹೊಡೆದವರ ಕಾಲ ಬುಡಕ್ಕೇ ಬೀಳುತ್ತದೆ. ಅವರೊಬ್ಬರೇ ಬಗ್ಗಿ ಅದನ್ನು ಎತ್ತಿಕೊಳ್ಳುತ್ತಾರೆ.

ಸ್ಮ್ಯಾಶರ್ ಬೆನ್ನಿಗೆ ನಿಲ್ಲುವುದಕ್ಕೆ ಕವರ್ ಅನ್ನುತ್ತಾರೆ. ಅದಕ್ಕೆ ಸುಲಭದ ಲೆಕ್ಕ ಮೂರು ಮತ್ತು ಎರಡು. ಮೂವರು ಸ್ಮ್ಯಾಶರ್ ಸುತ್ತ ಅರ್ಧ ವೃತ್ತವಾಗಿ, ಮೊಣಕಾಲು ಬಗ್ಗಿಸಿ, ಕೈ ತಗ್ಗಿಸಿ ನಿಲ್ಲಬೇಕು. ಇನ್ನಿಬ್ಬರು ಅವರ ಹಿಂದೆ, ದೂರ ಸಿಡಿಯುವ ಚೆಂಡಿಗೆ. ಲಿಫ್ಟ್ ಕೊಟ್ಟ ಕೂಡಲೇ ಲಿಫ್ಟರ್ ಕೂಡ ಈ ಮೂವರಲ್ಲಿ ಒಬ್ಬರಾಗಬೇಕು. ಕೊಟ್ಟು ನಿಂತು ನೋಡುವುದು ಲಿಫ್ಟರ್‌ಗಳ ದೊಡ್ಡ ತಪ್ಪು.

ಅಭ್ಯಾಸಕ್ಕೆ ನೆಟ್‌ನ ಆಚೆ ಗಟ್ಟಿ ಸ್ಟೂಲ್ ಮೇಲೆ ಒಬ್ಬರನ್ನು ಚೆಂಡು ಹಿಡಿಸಿ ನಿಲ್ಲಿಸಿ. ಈಚೆ ಸ್ಮ್ಯಾಶರ್ ಚೆಂಡಿಲ್ಲದೆ ಹಾರಿ ಕೈ ಬೀಸಲಿ. ಅದೇ ಹೊತ್ತಿಗೆ ಆಚೆಯವರು ಚೆಂಡನ್ನು ಕೆಳಕ್ಕೆ ಎಸೆಯಲಿ, ಬ್ಲಾಕ್‌ನಿಂದ ಬಂದ ಹಾಗೆ. ಸ್ಟೂಲ್ ಅಲುಗಾಡಿದರೆ ಈ ಅಭ್ಯಾಸ ಬೇಡ. ಸ್ಮ್ಯಾಶರ್ ಇಳಿಯುವ ಜಾಗದಲ್ಲಿ ಬಿಡಿ ಚೆಂಡು ಉರುಳದಂತೆ ಒಬ್ಬರು ನೋಡಿಕೊಳ್ಳಲಿ, ಕಾಲು ಹೊರಳುವುದು ಹಾಗೆಯೇ.

ಆಟದ ನಡುವೆ ಆಗಾಗ, ಸ್ಮ್ಯಾಶ್ ಆದ ಕ್ಷಣಕ್ಕೆ ವಿಸಿಲ್ ಊದಿ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ. ಏನೂ ಬೈಯಬೇಡಿ. ಅವರೇ ಸುತ್ತ ನೋಡಿಕೊಳ್ಳಲಿ. ಎರಡು ಸಲ ಹೀಗೆ ನಿಂತರೆ ಮೂರನೇ ಸಲ ಕಾಲು ತಾನಾಗೇ ಒಳಗೆ ಬರುತ್ತದೆ. ಬೆನ್ನಿಗೆ ಮೂವರಿದ್ದಾರೆ ಅಂತ ಗೊತ್ತಾದ ಸ್ಮ್ಯಾಶರ್ ಹೆದರದೆ ಹೊಡೆಯುವುದನ್ನು ನೀವೇ ನೋಡುತ್ತೀರಿ.

ಹಂತ 6: ಪಾಯಿಂಟ್ ಹೋದ ಮೇಲಿನ ಕೆಲವು ಕ್ಷಣ

ಈಗ ಮನಸ್ಸಿನ ವಿಷಯಕ್ಕೆ ಬರೋಣ.

ನಾನು ಆಡುವ ದಿನಗಳಲ್ಲಿ ನನಗೊಂದು ಕೆಟ್ಟ ಅಭ್ಯಾಸ ಇತ್ತು. ಪಕ್ಕದವರು ಚೆಂಡು ಬಿಟ್ಟರೆ ನಾನು ಏನೂ ಅನ್ನುತ್ತಿರಲಿಲ್ಲ, ಎರಡೂ ಅಂಗೈ ಮೇಲೆ ಮಾಡಿ ಅಗಲಿಸುತ್ತಿದ್ದೆ ಅಷ್ಟೇ. ಬೈದಿಲ್ಲವಲ್ಲ ಅಂತ ನನ್ನ ಲೆಕ್ಕ. ನಮ್ಮಲ್ಲಿ ಒಬ್ಬ ಹುಡುಗ ಇದ್ದ, ಚುರುಕು ಕಾಲು, ಎಂಥ ಚೆಂಡಿಗೂ ಬೀಳುತ್ತಿದ್ದ. ಒಂದು ಪಂದ್ಯದಲ್ಲಿ ಎರಡು ಸಲ ಅವನ ಕಡೆ ನನ್ನ ಅಂಗೈ ಅಗಲವಾಯಿತು. ಮೂರನೇ ಚೆಂಡು ಅವನಿಂದ ಎರಡು ಹೆಜ್ಜೆ ದೂರ ಬಿತ್ತು. ಅವನು ಕದಲಲಿಲ್ಲ. ಬಿದ್ದ ಚೆಂಡನ್ನೂ ನೋಡಲಿಲ್ಲ, ನನ್ನ ಕೈ ನೋಡಿದ. ಆ ನೋಟ ಇವತ್ತಿಗೂ ನೆನಪಿದೆ. ಮುಟ್ಟದೆ ಬಿಟ್ಟರೆ ತಪ್ಪು ತನ್ನ ಲೆಕ್ಕಕ್ಕೆ ಬರುವುದಿಲ್ಲ ಅಂತ ಅವನು ಕಲಿತಿದ್ದ. ಕಲಿಸಿದ್ದು ನಾನು.

ಅದಕ್ಕೇ ಈ ಹಂತದಲ್ಲಿ ಮೊದಲು ಬಿಡಿಸಬೇಕಾದದ್ದು ಮೂರು. ಅಂಗೈ ಅಗಲಿಸುವುದು. "ಯಾಕೆ" ಅಂತ ಶುರುವಾಗುವ ಮಾತು. ತಪ್ಪಾದ ಕೂಡಲೇ ಬೆಂಚ್ ಕಡೆ ನೋಡುವುದು. ಅಭ್ಯಾಸದಲ್ಲೇ ಇವನ್ನು ಎಣಿಸಿ ಬರೆದಿಡಿ. ಎಣಿಸುತ್ತಾರೆ ಅಂತ ಗೊತ್ತಾದರೆ ಅರ್ಧ ಅಲ್ಲೇ ನಿಲ್ಲುತ್ತದೆ.

ಅದರ ಜಾಗದಲ್ಲಿ ಹೊಸ ಕ್ರಮ ಇಡಿ. ಪಾಯಿಂಟ್ ಬರಲಿ ಹೋಗಲಿ, ಆರು ಜನ ನಡುವಿಗೆ ಬನ್ನಿ. ಕೈ ತಾಗಿಸಿ. ಒಬ್ಬರು ಒಂದೇ ಮಾತು ಹೇಳಲಿ, ಅದೂ ಮುಂದಿನ ಚೆಂಡಿನ ಬಗ್ಗೆ: "ಸಂದು ನಂದು", "ಶಾರ್ಟ್ ಬರಬಹುದು", "4ರಿಂದ ಹೊಡೀತಾರೆ". ಹಿಂದಿನ ಚೆಂಡಿನ ಬಗ್ಗೆ ಮಾತು ಬೇಡ. ರೆಫರಿ ವಿಸಿಲ್ ಊದಿದ ಮೇಲೆ ಸರ್ವ್ ಹೊಡೆಯಲು ಇರುವುದು 8 ಸೆಕೆಂಡ್. ಅದಕ್ಕೂ ಮೊದಲಿನ ಬಿಡುವೂ ಬಹಳ ಉದ್ದ ಇರುವುದಿಲ್ಲ. ವಿಸಿಲ್‌ಗೆ ಮುಂಚೆ ಎಲ್ಲರೂ ಜಾಗಕ್ಕೆ ಮರಳಿರಬೇಕು.

ಗೆದ್ದ ಪಾಯಿಂಟ್‌ಗೆ ಮಾತ್ರ ಒಟ್ಟು ಸೇರಿ, ಸೋತದ್ದಕ್ಕೆ ಚದುರಿ ನಿಲ್ಲುವುದು ತುಂಬಾ ಕಡೆ ಕಾಣುತ್ತದೆ. ಇದರ ಬದಲು ಸೇರದೇ ಇರುವುದು ವಾಸಿ. ತಪ್ಪು ಮಾಡಿದವರಿಗೆ ಆ ಹೊತ್ತಿನಲ್ಲಿ ಕೋರ್ಟ್ ಬಹಳ ದೊಡ್ಡದಾಗಿ ಕಾಣುತ್ತದೆ.

ಹಂತ 7: ಬೆಂಚ್‌ಗೂ ಕೆಲಸ ಕೊಡಿ

ಹೊರಗೆ ಕೂತವರಲ್ಲಿ ಒಬ್ಬರು ಎದುರಾಳಿ ಸ್ಮ್ಯಾಶರ್ ಯಾವ ಕಡೆ ಹೊಡೆಯುತ್ತಾರೆ ಅಂತ ನೋಡಲಿ. ಇನ್ನೊಬ್ಬರು ಅವರ ಬ್ಲಾಕ್‌ನಲ್ಲಿ ಎಲ್ಲಿ ಬಾಯಿ ಬಿಡುತ್ತದೆ ಅಂತ ನೋಡಲಿ. ಕೋರ್ಟ್‌ಗೆ ಬರುವ ಬದಲಿ ಆಟಗಾರರಿಗೆ ಪಕ್ಕದವರು ಎರಡೇ ವಿಷಯ ಹೇಳಲಿ: ನಿನ್ನ ಎಡದ ಸಂದು ಯಾರದ್ದು, ಬಲದ ಸಂದು ಯಾರದ್ದು.

ಟೈಮ್‌ಔಟ್ ಸೆಟ್‌ಗೆ ಎರಡು, ಒಂದೊಂದು 30 ಸೆಕೆಂಡ್. ಮೊದಲ ಹತ್ತು ಸೆಕೆಂಡ್ ಯಾರೂ ಮಾತಾಡದೆ ನೀರು ಕುಡಿಯಲಿ. ಆಮೇಲೆ ಒಬ್ಬರೇ, ಒಂದೇ ವಿಷಯ. ನಾಲ್ಕು ಜನ ನಾಲ್ಕು ಸಲಹೆ ಕೊಟ್ಟ ಟೈಮ್‌ಔಟ್‌ನಿಂದ ತಂಡ ಇನ್ನಷ್ಟು ಗೊಂದಲ ಹೊತ್ತು ಬರುತ್ತದೆ.

ಹಂತ 8: ಮತ್ತೆ ಎಣಿಸಿ

ಎರಡನೇ ವಾರದ ಕೊನೆಗೆ ಮತ್ತು ನಾಲ್ಕನೇ ವಾರದ ಕೊನೆಗೆ ಹಂತ 1ರ ಹಾಗೆಯೇ ಗುರುತು ಹಾಕಿ. ಹಳೆಯ ಚಿತ್ರದ ಪಕ್ಕ ಹೊಸದನ್ನು ಇಡಿ.

ಎರಡನೇ ವಾರದಲ್ಲಿ ಬಹಳ ಜನ ಗಾಬರಿಯಾಗುತ್ತಾರೆ. ಸೊನ್ನೆ ಕಡಿಮೆಯಾಗಿರುತ್ತದೆ, ಇಂಟು ಹೆಚ್ಚಾಗಿರುತ್ತದೆ. ಡಿಕ್ಕಿ ಜಾಸ್ತಿಯಾಯಿತು, ಮೊದಲೇ ಚೆನ್ನಾಗಿತ್ತು ಅಂತ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಯಾರೂ ಹೋಗದಿದ್ದ ಚೆಂಡಿಗೆ ಈಗ ಇಬ್ಬರು ಹೋಗುತ್ತಿದ್ದಾರೆ. ಸುಮ್ಮನೆ ನಿಂತವರನ್ನು ಓಡಿಸುವುದು ಕಷ್ಟ, ಓಡುವ ಇಬ್ಬರಿಗೆ ದಾರಿ ಬೇರೆ ಮಾಡುವುದು ಸುಲಭ. ಹಂತ 2ರ ಮುಂದೆ ಹಿಂದೆ ನಿಯಮವನ್ನು ಮತ್ತೆ ಎರಡು ದಿನ ನಡೆದು ಅಭ್ಯಾಸ ಮಾಡಿ.

ಸೊನ್ನೆಯೂ ಹಾಗೇ ಇದೆ, ಕೂಗೂ ಇಲ್ಲ, ವಾರ್ಮ್‌ಅಪ್‌ನಲ್ಲಿ ಯಾವಾಗಲೂ ಅದೇ ಇಬ್ಬರಿಬ್ಬರು ಜೋಡಿಯಾಗುತ್ತಾರೆ, ದೂರ ಉರುಳಿದ ಚೆಂಡು ತರಲು ಯಾವಾಗಲೂ ಅದೇ ಒಬ್ಬರು ಹೋಗುತ್ತಾರೆ ಅಂದರೆ ಕೋರ್ಟ್‌ನ ಹೊರಗೆ ಏನೋ ಇದೆ. ಗುಂಪಿನಲ್ಲಿ ಕೇಳಬೇಡಿ. ಒಬ್ಬೊಬ್ಬರ ಹತ್ತಿರ ಕೂತು "ಯಾರ ಪಕ್ಕ ನಿಂತರೆ ನಿನಗೆ ಕಷ್ಟ ಆಗುತ್ತೆ?" ಅಂತ ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ವಾರ್ಮ್‌ಅಪ್ ಜೋಡಿಗಳನ್ನು ಮರುದಿನದಿಂದ ನೀವೇ ಬದಲಾಯಿಸಿ.

ಹೊಸಬರು ತಂಡಕ್ಕೆ ಬಂದ ದಿನ ಅವರಿಗೆ ಮೊದಲು ಸೀಮೆಸುಣ್ಣ ಕೊಡಿ. ಪಕ್ಕದವರ ಜೊತೆ ನಿಂತು, ಇಬ್ಬರ ನಡುವಿನ ಗೆರೆಯನ್ನು ಅವರೇ ಎಳೆಯಲಿ. ಚೆಂಡು ಆಮೇಲೆ.